ಫೇಸಿಂಗ್‌ಗೆ ಮೊದಲು ಕ್ರ್ಯಾಕ್ ನೋಡಿ: ಒಂದು ಓಮ್ನಿ ಹೆಡ್ ಚೆಕ್ ಮಾಡಿದ ಅನುಭವ

ಗಾಡಿ ಹೀಟಾಗಿ ಬಂತು ಅಂದರೆ ಓನರ್ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಹೆಡ್ ಬಿಚ್ಚಿ ಫೇಸಿಂಗ್ ಹಾಕಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿ." ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ. ಫೇಸಿಂಗ್ ಅಂದರೆ ಅದರ ತಳವನ್ನು ಮಷಿನ್‌ನಲ್ಲಿ ಸವರಿ ಸಮ ಮಾಡುವುದು. ಗ್ಯಾಸ್ಕೆಟ್ ಅಂದರೆ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಕೂರುವ ಸೀಲ್. ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕು. ಆದರೆ ಒಳಗೆ ಕ್ರ್ಯಾಕ್ ಇರುವ ಹೆಡ್‌ಗೆ ಫೇಸಿಂಗ್ ಹಾಕಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದಕ್ಕೇ ನಾನು ಹೆಡ್ಡನ್ನು ಲೇತ್ ಅಂಗಡಿಗೆ ಕಳಿಸುವ ಮೊದಲು ನನ್ನ ಬೆಂಚಿನ ಮೇಲೆ ಪೂರ್ತಿ ನೋಡುತ್ತೇನೆ.

ನನ್ನ ಗ್ಯಾರೇಜ್ ಸಕಲೇಶಪುರದಲ್ಲಿದೆ. ಶಿರಾಡಿ ಘಾಟಿ ಹತ್ತಿ ಹೀಟಾದ ಗಾಡಿಗಳು ಬರುತ್ತಲೇ ಇರುತ್ತವೆ. ಈಗ ಹೇಳುತ್ತಿರುವುದು ತರಕಾರಿ ಬಾಡಿಗೆ ಹೊಡೆಯುವ ಒಂದು ಮಾರುತಿ ಓಮ್ನಿ ವಿಷಯ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಆದರೂ ನಮ್ಮ ಮಲೆನಾಡಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. 796 ಸಿಸಿ, ಮೂರು ಸಿಲಿಂಡರ್, ಬೀಡು ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಗುಂಡ್ಯದಿಂದ ಮೇಲೆ ಬರುವಾಗ ರೇಡಿಯೇಟರ್ ಹೋಸ್ ಸೀಳಿ ನೀರೆಲ್ಲ ಹೋಗಿದೆ. ಡ್ರೈವರ್ ಹೋಸ್‌ಗೆ ಬಟ್ಟೆ ಸುತ್ತಿ, ಕುದಿಯುತ್ತಿದ್ದ ಇಂಜಿನ್‌ಗೆ ಝರಿಯ ತಣ್ಣೀರು ಸುರಿದಿದ್ದಾರೆ. ಅದನ್ನು ಕೇಳಿದಾಗಲೇ ಹೆಡ್ ಸೀಳಿರಬಹುದು ಅಂತ ನನಗೆ ಅನುಮಾನ ಬಂತು.

ಆಯಿಲ್ ಕ್ಯಾಪ್ ಒಳಗೆ ನೀರು ಬೆರೆತು ಎಣ್ಣೆ ಬೆಳ್ಳಗಾಗಿತ್ತು. ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ. ಇವೆರಡೂ ಗ್ಯಾಸ್ಕೆಟ್ ಹೋದರೂ ಬರುತ್ತವೆ, ಹೆಡ್ ಸೀಳಿದರೂ ಬರುತ್ತವೆ. ಬಿಚ್ಚದೆ ಗೊತ್ತಾಗಲ್ಲ.

ಹೆಡ್ ಬೋಲ್ಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹೊರಗಿನಿಂದ ಒಳಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಸಿಯಲ್ಲಿ ಬಿಚ್ಚಿದರೆ ಬೆಂಡ್ ಆಗದ ಹೆಡ್ಡೂ ಬೆಂಡ್ ಆಗುತ್ತದೆ. ಹೆಡ್ ಎತ್ತಿದ ಮೇಲೆ ಮೊದಲು ನೋಡಿದ್ದು ಪಿಸ್ಟನ್ ತಲೆಗಳನ್ನು. ಒಂದು, ಎರಡು ಕಪ್ಪಗೆ ಕಾರ್ಬನ್ ಹಿಡಿದಿದ್ದವು. ಮೂರನೆಯದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ನೀರು ಆವಿಯಾಗಿ ಕಾರ್ಬನ್ನನ್ನೆಲ್ಲ ಕಿತ್ತುಕೊಂಡು ಹೋಗಿದೆ. ಅಲ್ಲಿಗೆ ಯಾವ ಸಿಲಿಂಡರ್‌ಗೆ ನೀರು ಇಳಿದಿದೆ ಅನ್ನುವುದು ಗೊತ್ತಾಯಿತು.

ಇನ್ನು ಕ್ಲೀನಿಂಗ್. ಕೆಲವರು ಡ್ರಿಲ್‌ಗೆ ವೈರ್ ಬ್ರಷ್, ಎಮೆರಿ ಡಿಸ್ಕ್ ಹಾಕಿ ಉಜ್ಜುತ್ತಾರೆ. ಅಲ್ಯೂಮಿನಿಯಂ ಮೆದು, ಅಲ್ಲೇ ಗುಳಿ ಬೀಳುತ್ತದೆ. ಆಮೇಲೆ ಅಳತೆ ಹಿಡಿದು ಏನು ಪ್ರಯೋಜನ? ನಾನು ಸೀಮೆಎಣ್ಣೆಯಲ್ಲಿ ನೆನೆಸಿ ಮರದ ಚಕ್ಕೆಯಿಂದ ಕೆರೆಯುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಬೆಂಡ್ ನೋಡಲು ಬೇಕಾಗಿದ್ದು ಎರಡೇ: ಒಳ್ಳೆ ಸ್ಟ್ರೇಟ್ ಎಡ್ಜ್ (ಬಾಗದ ನೇರ ಪಟ್ಟಿ), ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳ್ಳನೆಯ ಬ್ಲೇಡ್‌ಗಳ ಕಟ್ಟು). ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಸ್ಟೀಲ್ ಸ್ಕೇಲ್ ಆಗಲ್ಲ, ಅದೇ ಬಾಗುತ್ತದೆ. ಹೆಡ್ ಮಗುಚಿ ಇಟ್ಟು, ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಟ್ಟು ನೋಡಬೇಕು. ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ಎಲ್ಲಿ ತೂರುತ್ತದೆ ಅಂತ ಕಾಣುತ್ತದೆ, ಅಲ್ಲಿ ಬ್ಲೇಡ್ ಹಾಕುವುದು. ಈ ಹೆಡ್‌ಗೆ ಲಿಮಿಟ್ 0.05 ಮಿ.ಮೀ. ಅಡ್ಡಕ್ಕೆ ಆ ಬ್ಲೇಡ್ ಎಲ್ಲೂ ಹೋಗಲಿಲ್ಲ. ಉದ್ದಕ್ಕೆ ಇಟ್ಟಾಗ ನಟ್ಟನಡುವೆ 0.10 ಬ್ಲೇಡ್ ಸಲೀಸಾಗಿ ಹೋಯಿತು, 0.15 ಹೋಗಲಿಲ್ಲ. ಅಂದರೆ ನಡು ಮೇಲೆದ್ದಿದೆ. ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿರುವಾಗ ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲ, ಮೇಲಕ್ಕೆ ಏಳುತ್ತದೆ.

ಅದೇ ಸ್ಟ್ರೇಟ್ ಎಡ್ಜನ್ನು ಬ್ಲಾಕ್ ಮೇಲೂ ಇಟ್ಟು ನೋಡಿದೆ, ಸರಿಯಿತ್ತು. ಇನ್ನೊಂದು ವಿಷಯ ಜಾಸ್ತಿ ಜನ ನೋಡಲ್ಲ. ಈ ಇಂಜಿನ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಹೆಡ್ಡಿನಲ್ಲೇ ಕೂರುತ್ತದೆ. ಕೆಳಗೆ ಬೆಂಡ್ ಆದರೆ ಮೇಲಿನ ಕ್ಯಾಮ್ ಲೈನ್ ಕೂಡ ಬೆಂಡ್ ಆಗಿರಬಹುದು. ಫೇಸಿಂಗ್ ಕೆಳಗಿನದನ್ನು ಮಾತ್ರ ಸರಿ ಮಾಡುತ್ತದೆ. ರಾಕರ್ ತೆಗೆದು ಕ್ಯಾಮ್ ಅನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಇದು ಎಲ್ಲೂ ಹಿಡಿಯದೆ ತಿರುಗಿತು.

ಓನರ್ ಅಷ್ಟು ಹೊತ್ತಿಗೆ ಬಂದರು. "ಅಣ್ಣ, ಬೆಂಡ್ ಕಮ್ಮೀನೇ ಅಲ್ವಾ? ಫೇಸಿಂಗ್ ಹಾಕಿಸಿ ಕೂರಿಸಿಬಿಡಿ, ನಾಡಿದ್ದು ಬಾಡಿಗೆ ಇದೆ."

"ತಡೀರಿ ಸಾರ್, ಕ್ರ್ಯಾಕ್ ನೋಡೋಣ."

ಬರಿಗಣ್ಣಿಗೆ ಮೂರನೇ ಸಿಲಿಂಡರ್‌ನ ಚೇಂಬರ್‌ನಲ್ಲಿ ಎರಡು ವಾಲ್ವ್ ಸೀಟ್‌ಗಳ (ವಾಲ್ವ್ ಮುಚ್ಚಿದಾಗ ಕೂರುವ ಉಂಗುರಗಳ) ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತಿತ್ತು. ಹೆಡ್ ಸೀಳುವುದು ಹೆಚ್ಚಾಗಿ ಅಲ್ಲೇ, ಇಲ್ಲಾ ಸೀಟ್‌ನಿಂದ ಪ್ಲಗ್ ತೂತಿನ ಕಡೆಗೆ. ಹಳೇ ಮೇಸ್ತ್ರಿಗಳು ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುತ್ತಿದ್ದರು. ಸೀಳಿನೊಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತಿತ್ತು. ಈಗ ಅದೇ ಕೆಲಸಕ್ಕೆ ಮೂರು ಸ್ಪ್ರೇ ಡಬ್ಬಿ ಸಿಗುತ್ತವೆ: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಅಲ್ಯೂಮಿನಿಯಂಗೆ ಇದೇ ಸರಿ. ಅಯಸ್ಕಾಂತ, ಕಬ್ಬಿಣದ ಪುಡಿಯ ಟೆಸ್ಟ್ ಬೀಡಿನ ಹೆಡ್‌ಗೆ ಮಾತ್ರ.

ಡೈ ಹೊಡೆದು ಕಾಲು ಗಂಟೆ ಬಿಟ್ಟೆ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹೊಡೆದುಕೊಳ್ಳಬೇಕು. ನೇರ ಹೆಡ್ ಮೇಲೆ ಹೊಡೆದರೆ ಸೀಳಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಆಮೇಲೆ ಡೆವಲಪರ್, ತೆಳ್ಳಗೆ. ಎಲ್ಲ ಸೀಟ್‌ಗಳ ಸುತ್ತ ಕೆಂಪು ಉಂಗುರ ಮೂಡಿತು. ಓನರ್ ಗಾಬರಿಯಾದರು. ಅದು ಕ್ರ್ಯಾಕ್ ಅಲ್ಲ. ಸೀಟ್ ರಿಂಗನ್ನು ಒತ್ತಿ ಕೂರಿಸಿರುವ ಸಂದು, ಅಷ್ಟೇ. ನಾನು ಅನುಮಾನಪಟ್ಟ ಗೆರೆ ಮಾತ್ರ ಬಿಳಿಯಾಗೇ ಉಳಿಯಿತು. ಬರೀ ಗೀರು.

ಹಾಗಾದರೆ ನೀರು ಎಲ್ಲಿಂದ? ಡೈ ಕೈಗೆಟುಕುವ ಮೈಮೇಲಿನ ಸೀಳನ್ನಷ್ಟೇ ತೋರಿಸುತ್ತದೆ. ಪೋರ್ಟ್ (ಹೆಡ್ಡಿನಲ್ಲಿ ಗಾಳಿ, ಹೊಗೆ ಓಡಾಡುವ ದಾರಿ) ಒಳಗಿನ ತಿರುವಿನಲ್ಲಿ ಅದರ ಆಟ ನಡೆಯಲ್ಲ. ಅದಕ್ಕೆ ಹಾಸನದ ಒಂದು ಲೇತ್ ಅಂಗಡಿಗೆ ಪ್ರೆಶರ್ ಟೆಸ್ಟ್‌ಗೆ ಒಯ್ದೆ. ಹೆಡ್ ಮುಖಕ್ಕೆ ರಬ್ಬರ್ ಶೀಟ್, ಅದರ ಮೇಲೆ ಕಬ್ಬಿಣದ ಪ್ಲೇಟ್ ಬಿಗಿದು, ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ 30–40 ಪಿಎಸ್‌ಐ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತಣ್ಣೀರಲ್ಲಿ ಏನೂ ಇಲ್ಲ. ಅಲ್ಲಿಗೇ ಎತ್ತಿಬಿಡುವವರೂ ಇದ್ದಾರೆ. ನೀರು ಕಾಯಿಸಲು ಹೇಳಿದೆ. ಕೈ ಇಡಲಾಗದಷ್ಟು ಬಿಸಿಯಾದ ಮೇಲೆ ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ಪೋರ್ಟ್ ಬಾಯಿಂದ ಗುಳ್ಳೆ ಶುರುವಾಯಿತು. ಒಂದೊಂದಾಗಿ, ನಿಲ್ಲದೆ. ಲೋಹ ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಸೀಳು. ಇಂಜಿನ್ ಆಫ್ ಮಾಡಿದ ಮೇಲೆ ಅಲ್ಲಿಂದಲೇ ನೀರು ತೆರೆದ ವಾಲ್ವ್ ದಾಟಿ ಪಿಸ್ಟನ್ ಮೇಲೆ ಬೀಳುತ್ತಿತ್ತು.

"ವೆಲ್ಡಿಂಗ್ ಮಾಡಿಸಿದರೆ?" ಅಂದರು ಓನರ್. ಹೊರಗಿನ ಸೀಳಾದರೆ ಆರ್ಗಾನ್ ವೆಲ್ಡಿಂಗ್‌ಗೆ ನಾನೇ ಹೇಳುತ್ತಿದ್ದೆ. ಪೋರ್ಟ್ ಒಳಗೆ ವೆಲ್ಡಿಂಗ್ ಟಾರ್ಚ್ ಹೋಗಲ್ಲ. ಸದ್ಯಕ್ಕೆ ಸೋರಿಕೆ ನಿಲ್ಲಲಿ ಅಂತ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವ ಸಲಹೆಯೂ ಪಕ್ಕದ ಟೀ ಅಂಗಡಿಯಿಂದ ಬಂತು. ಗಾಡಿ ಮಾರಿಬಿಡುವವರ ಉಪಾಯ ಅದು.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಒಂದು ಹೆಡ್ ತರಿಸಿದೆವು. ಅದಕ್ಕೂ ಇದೇ ಪರೀಕ್ಷೆ, ಈ ಸಲ ಬಿಸಿನೀರಿನಿಂದಲೇ ಶುರು. ಗುಳ್ಳೆ ಬರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ 0.05 ಬ್ಲೇಡ್ ಬಿಗಿಯಾಗಿ ಹೋಯಿತು. ಇಷ್ಟಕ್ಕೆ ಮಷಿನ್ ಬೇಕಿಲ್ಲ. ಸರ್ಫೇಸ್ ಪ್ಲೇಟ್ ಮೇಲೆ 400 ನಂಬರ್ ಪೇಪರ್ ಹಾಸಿ, ಹೆಡ್ಡನ್ನು ಉಜ್ಜಿ ಸಮ ಮಾಡಿದೆ. ಸುಜುಕಿ ಮ್ಯಾನ್ಯುಯಲ್‌ನಲ್ಲೂ ಇದೇ ದಾರಿ ಹೇಳಿದೆ. ಸುಮ್ನೆ ಫೇಸಿಂಗ್ ಹಾಕಿಸುತ್ತಾ ಹೋದರೆ ಹೆಡ್ ತೆಳ್ಳಗಾಗಿ ಕಂಪ್ರೆಶನ್ ಏರುತ್ತದೆ, ಘಾಟಿಯಲ್ಲಿ ನಾಕಿಂಗ್ (ಇಂಜಿನ್ ಒಳಗಿನ ಟಕಟಕ ಬಡಿತ) ಶುರುವಾಗುತ್ತದೆ.

ಕೂರಿಸುವ ಮೊದಲು ಬ್ಲಾಕಿನ ಬೋಲ್ಟ್ ತೂತುಗಳಿಗೆ ಗಾಳಿ ಹೊಡೆದು ಒಣಗಿಸಿದೆ. ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ನಡುವಿನಿಂದ ಹೊರಗೆ, ಟಾರ್ಕ್ ರೆಂಚ್‌ನಲ್ಲಿ ಹಂತ ಹಂತವಾಗಿ ಬಿಗಿದೆ. ಹೋಸ್‌ಗಳು, ಕ್ಲಿಪ್‌ಗಳು ಎಲ್ಲ ಹೊಸದು. ಗಾಡಿ ಕೊಡುವಾಗ ಹೇಳಿದ್ದು ಇಷ್ಟೇ: ಒಂದು ವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೀರು ನೋಡಿ. ಕಮ್ಮಿಯಾಗಿದ್ದರೆ ಘಾಟಿ ಇಳಿಯಬೇಡಿ, ಸೀದಾ ಇಲ್ಲಿಗೆ ತನ್ನಿ.