ತುವಾಲುವಿಗೆ ಹೋಗುವವರು ಮಾಡಿಕೊಳ್ಳಬೇಕಾದ ಸಿದ್ಧತೆ

ಪೆಸಿಫಿಕ್ ಸಾಗರದಲ್ಲಿ ಒಂಬತ್ತು ದ್ವೀಪಗಳಾಗಿ ಚದುರಿರುವ ತುವಾಲುವಿನ ಒಟ್ಟು ನೆಲ ಸುಮಾರು 26 ಚದರ ಕಿಲೋಮೀಟರ್. ಹನ್ನೊಂದು ಸಾವಿರದ ಆಸುಪಾಸಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಾಜಧಾನಿ ಫುನಾಫುಟಿಯಲ್ಲೇ ಇದ್ದಾರೆ. ಇಲ್ಲಿಗೆ ಹೊರಡುವವರಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಬಿಡುವು. ಫಿಜಿಯ ಸುವಾದಿಂದ ಸಣ್ಣ ಎಟಿಆರ್ ವಿಮಾನ ವಾರದಲ್ಲಿ ಕೆಲವು ದಿನ ಮಾತ್ರ ಬರುತ್ತದೆ, ಹವಾಮಾನ ಕೆಟ್ಟರೆ ಅದೂ ಇಲ್ಲ. ಆದ್ದರಿಂದ ಫುನಾಫುಟಿಯಿಂದ ಮರಳುವ ದಿನಕ್ಕೂ ಫಿಜಿಯಿಂದ ಊರಿಗೆ ಹೊರಡುವ ದಿನಕ್ಕೂ ನಡುವೆ ಎರಡು ಮೂರು ದಿನಗಳ ಅಂತರ ಇಟ್ಟುಕೊಂಡೇ ಟಿಕೆಟ್ ಮಾಡಿಸಬೇಕು. ಎರಡೂ ದೇಶಗಳ ವೀಸಾ ನಿಯಮಗಳನ್ನು ಹೊರಡುವ ಮುನ್ನ ಪರಿಶೀಲಿಸಿಕೊಳ್ಳಬೇಕು.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಯೂ ಚಂಡಮಾರುತದ ಭಯವೂ ಹೆಚ್ಚು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿ ಪ್ರವಾಸಕ್ಕೆ ಹಿತಕರ. ಆದರೆ ಈ ನೆಲದ ಸ್ಥಿತಿಯನ್ನು ಅರಿಯಬೇಕೆಂದೇ ಹೋಗುವವರು ಫೆಬ್ರವರಿ–ಮಾರ್ಚ್‌ನ ದೊಡ್ಡ ಉಬ್ಬರದ ದಿನಗಳನ್ನು ಆರಿಸಿಕೊಳ್ಳಬಹುದು. ಆಗ ಕಡಲ ನೀರು ದಡ ದಾಟಿ ಬರುವುದಷ್ಟೇ ಅಲ್ಲ, ರಂಧ್ರಮಯವಾದ ಹವಳದ ನೆಲದೊಳಗಿನಿಂದಲೇ ಒಸರಿ ಅಂಗಳಗಳಲ್ಲಿ ನಿಲ್ಲುತ್ತದೆ. ತಡೆಗೋಡೆ ಕಟ್ಟಿದರೆ ಸಾಲದೆ ಎಂದು ಕೇಳುವವರಿಗೆ ಅದೇ ಉತ್ತರ.

ವಿಮಾನ ಇಳಿಯುವ ಪಟ್ಟಿಯನ್ನು 1943ರಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನ್ಯ ಹಾಕಿತು. ಈ ಪಟ್ಟಿ ಇರುವುದು ಫುನಾಫುಟಿಯ ಫೊಂಗಾಫಾಲೆ ಎಂಬ ದ್ವೀಪಖಂಡದಲ್ಲಿ; ಅದರ ಅತ್ಯಂತ ಅಗಲವಾದ ಭಾಗವೇ ಸುಮಾರು 400 ಮೀಟರ್. ಆ ಭಾಗದಲ್ಲೇ ರನ್‌ವೇ ಚಾಚಿಕೊಂಡಿದೆ. ವಿಮಾನ ಬರುವ ಮೊದಲು ಸೈರನ್ ಕೂಗಿ ಜನರನ್ನು ತೆರವುಗೊಳಿಸುತ್ತಾರೆ. ವಿಮಾನವಿಲ್ಲದ ಸಂಜೆ ಅಲ್ಲೇ ವಾಲಿಬಾಲ್, ಫುಟ್‌ಬಾಲ್, ಹರಟೆ. ಹೊಸಬರು ಊರಿನವರ ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಲ್ಲಿ ಚಲಾವಣೆಯಲ್ಲಿರುವುದು ಆಸ್ಟ್ರೇಲಿಯದ ಡಾಲರ್. ದೇಶದ ಮೊದಲ ಎಟಿಎಂ ಆರಂಭವಾದದ್ದೇ 2025ರಲ್ಲಿ. ಆದ್ದರಿಂದ ಇಡೀ ಪ್ರವಾಸಕ್ಕೆ ಸಾಕಾಗುವಷ್ಟು ನಗದನ್ನು ಫಿಜಿಯಲ್ಲೇ ಬದಲಾಯಿಸಿಕೊಂಡು ಹೋಗುವುದು ಕ್ಷೇಮ.

ಎಲ್ಲಕ್ಕಿಂತ ಎಚ್ಚರದಿಂದ ಬಳಸಬೇಕಾದದ್ದು ನೀರು. ಇಲ್ಲಿ ನದಿಯಿಲ್ಲ, ತೊರೆಯಿಲ್ಲ. ಮನೆಯ ಮಾಡಿನಿಂದ ಅದರ ಅಂಚಿನ ಕಾಲುವೆಯ ಮೂಲಕ ತೊಟ್ಟಿಗೆ ಇಳಿಯುವ ಮಳೆನೀರೇ ಮುಖ್ಯ ಆಧಾರ. 2011ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಆದ್ದರಿಂದ ತಂಗುವ ಮನೆಯ ತೊಟ್ಟಿಯಲ್ಲಿ ನೀರೆಷ್ಟಿದೆಯೆಂದು ಮೊದಲ ದಿನವೇ ಕೇಳಿ ತಿಳಿದುಕೊಂಡು, ಶವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡುವುದು, ಬಟ್ಟೆ ಒಗೆಯುವುದನ್ನು ಮಳೆಯ ದಿನಕ್ಕೆ ಮುಂದೂಡುವುದು ಅತಿಥಿಯ ಕನಿಷ್ಠ ಮರ್ಯಾದೆ.

ಪುಲಕಾ ಗುಂಡಿಗಳನ್ನು ತಪ್ಪದೆ ನೋಡಬೇಕು. ಪುಲಕಾ ನಮ್ಮ ಕೆಸುವಿನ ಬಳಗದ ಗೆಡ್ಡೆ. ಎಲೆ ಮಾತ್ರ ಆಳೆತ್ತರ. ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಸಿಹಿನೀರಿನ ಪದರ ಸಿಗುವವರೆಗೆ ಹವಳದ ನೆಲವನ್ನು ಅಗೆದು, ಗಿಡದ ಸುತ್ತ ಕೊಳೆತ ಸೊಪ್ಪನ್ನು ತುಂಬುತ್ತಾ ಇದನ್ನು ಬೆಳೆಸುತ್ತಾರೆ. ಉಬ್ಬರದ ಉಪ್ಪು ಗುಂಡಿಗೆ ನುಗ್ಗಿದರೆ ಗೆಡ್ಡೆ ಕೊಳೆಯುತ್ತದೆ. ಗುಂಡಿಗಳು ಕುಟುಂಬಗಳ ಆಸ್ತಿಯಾದ್ದರಿಂದ ಅನುಮತಿ ಕೇಳದೆ ಇಳಿಯಬಾರದು.

ಭೂವಿಜ್ಞಾನದಲ್ಲಿ ಆಸಕ್ತಿಯಿರುವವರು ಕೊಳವೆ ಕೊರೆದ ಸ್ಥಳವನ್ನು ವಿಚಾರಿಸಬೇಕು. ಮುಳುಗುವ ಜ್ವಾಲಾಮುಖಿಯ ಮೇಲೆ ಹವಳ ಬೆಳೆಯುತ್ತದೆಂಬ ಡಾರ್ವಿನ್‌ನ ವಾದವನ್ನು ಪರೀಕ್ಷಿಸಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಇಲ್ಲಿ ಸುಮಾರು 340 ಮೀಟರ್ ಆಳಕ್ಕೆ ಕೊರೆಯಿತು. ಸುಣ್ಣದಕಲ್ಲಿನ ಹೊರತು ಬೇರೇನೂ ಸಿಗಲಿಲ್ಲ. ಜ್ವಾಲಾಮುಖಿಯ ಶಿಲೆ ಕೈಗೆ ಸಿಕ್ಕಿದ್ದು 1952ರಲ್ಲಿ, ಮಾರ್ಷಲ್ ದ್ವೀಪಗಳ ಎನೆವೆಟಾಕ್‌ನಲ್ಲಿ.

ಹವಳದ ದಿಬ್ಬಗಳು ಸುತ್ತುವರಿದ ಒಳಗಡಲಾದ ಲಗೂನಿನ ಪಶ್ಚಿಮ ಅಂಚಿನಲ್ಲಿ 1996ರಲ್ಲಿ ಸ್ಥಾಪಿಸಿದ ಸಂರಕ್ಷಿತ ಪ್ರದೇಶಕ್ಕೆ ದೋಣಿಯಲ್ಲಿ ಹೋಗಬೇಕು; ಕೌಪುಲೆ ಎಂಬ ಸ್ಥಳೀಯ ಆಡಳಿತದವರನ್ನು ಮೊದಲು ಕಾಣುವುದು ಒಳ್ಳೆಯದು. ಭಾನುವಾರ ಚರ್ಚಿನ ದಿನವಾದ್ದರಿಂದ ದೋಣಿ, ಅಂಗಡಿಗಳನ್ನು ನಂಬಿಕೊಳ್ಳದೆ ಬೇಕಾದದ್ದನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು. ವೈಟುಪು, ನಾನುಮೆಯಾ ಮೊದಲಾದ ಹೊರದ್ವೀಪಗಳಿಗೆ ಸರ್ಕಾರಿ ಹಡಗೇ ಗತಿ; ಅದರ ವೇಳಾಪಟ್ಟಿ ಸಮುದ್ರವನ್ನೂ ಸರಕನ್ನೂ ನೋಡಿಕೊಂಡು ಬದಲಾಗುತ್ತದೆ. ತಿಂಗಳ ಬಿಡುವಿಲ್ಲದವರು ಆ ಆಸೆಯನ್ನು ಬಿಟ್ಟು ಫುನಾಫುಟಿಯಲ್ಲೇ ಇರುವುದು ಮೇಲು.