ಹಸಿರು ದೀಪ ನಂಬಿ ಕೆಟ್ಟೆ

ಕಾಸರಗೋಡಿನ ನೀರ್ಚಾಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಜೊತೆಗೆ ಆನ್‌ಲೈನ್ ಕೆಲಸ. ತೀರ್ವೆ (ಜಾಗದ ತೆರಿಗೆ) ಕಟ್ಟುವವರು, ಕರೆಂಟು ಬಿಲ್ಲಿನವರು, ಪಿಎಸ್‌ಸಿಗೆ ಅರ್ಜಿ ಹಾಕುವವರು ಬರುತ್ತಾರೆ. ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಟೀಚರ್ ಹುದ್ದೆಗೆ ಕರೆದರಂತೂ ಕೊನೆಯ ದಿನ ರಾತ್ರಿವರೆಗೂ ಜನ.

ನಮ್ಮ ಇಂಟರ್ನೆಟ್ಟಿನ ಫೈಬರ್ ಲೈನು ಬರುವುದು ತೋಟಗಳ ನಡುವೆ, ಕಂಬದಿಂದ ಕಂಬಕ್ಕೆ. ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ಬಿದ್ದರೆ ಸಾಕು. ಆಗೆಲ್ಲ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಮೂರು ಕಂಪ್ಯೂಟರಿಗೂ ಒಂದೊಂದಾಗಿ ಹಂಚುತ್ತಿದ್ದೆ. ಅಷ್ಟರಲ್ಲಿ ಯಾರದಾದರೂ ಫೋನ್ ಬಂದರೆ ಕತೆ ಮುಗಿಯಿತು. ಲೈನು ತಾನಾಗಿಯೇ ಬದಲಾಗಬೇಕು ಅಂತ ಆಸೆ ಹುಟ್ಟಿದ್ದು ಹಾಗೆ.

ಫೈಬರ್, ಮೊಬೈಲ್ ಸಿಮ್ ಎರಡೂ ಲೈನನ್ನು ಒಟ್ಟಿಗೆ ಓಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ನನಗೆ ಅದು ಬೇಡವಾಗಿತ್ತು. ಹಣ ಕಟ್ಟುವ ನಡುವೆ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮ ಲೈನಿನ ಗುರುತು ಸಂಖ್ಯೆ) ಬದಲಾದರೆ ಕೆಲವು ಬ್ಯಾಂಕುಗಳ ಸೈಟು ನಮ್ಮನ್ನು ಹೊರಗೆ ಹಾಕುತ್ತದೆ. ಫೈಬರ್ ಇರುವವರೆಗೆ ಫೈಬರ್, ಹೋದರೆ ಮಾತ್ರ ಸಿಮ್. ಅಷ್ಟು ಸಾಕು.

ಮೈಕ್ರೋಟಿಕ್ ಹೆಕ್ಸ್ ಅನ್ನುವ ಐದು ಪೋರ್ಟಿನ ರೂಟರ್ ತಂದೆ. ಒಂದನೇ ಪೋರ್ಟಿಗೆ ಫೈಬರಿನ ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ), ಎರಡನೆಯದಕ್ಕೆ 4ಜಿ ಸಿಮ್ ರೂಟರ್. ಮೊದಲ ತಲೆಬಿಸಿ ಅಲ್ಲೇ. ಎರಡು ಡಬ್ಬಿಯ ವಿಳಾಸವೂ 192.168.1.1. ಒಂದೇ ಹೆಸರಿನ ಇಬ್ಬರು ಎದುರುಬದುರು ಕೂತ ಹಾಗೆ. 4ಜಿಯದ್ದನ್ನು 192.168.8.1 ಮಾಡಿದೆ. ಎರಡನೇ ಪೋರ್ಟನ್ನು ಬ್ರಿಡ್ಜಿನಿಂದ, ಅಂದರೆ ಅಂಗಡಿಯ ಒಳಗಿನ ಪೋರ್ಟುಗಳ ಗುಂಪಿನಿಂದ ತೆಗೆದು ವ್ಯಾನ್ (ಹೊರಗಿನ ಲೈನು) ಪಟ್ಟಿಗೆ ಸೇರಿಸಬೇಕು. ಇದನ್ನು ಮರೆತು ಒಂದು ಸಂಜೆ ಹಾಳು ಮಾಡಿಕೊಂಡೆ.

ಆಮೇಲೆ ಎರಡು ಡೀಫಾಲ್ಟ್ ರೂಟ್, ಅಂದರೆ ಇಂಟರ್ನೆಟ್ಟಿಗೆ ಹೋಗುವ ದಾರಿ. ಫೈಬರಿಗೆ ಡಿಸ್ಟೆನ್ಸ್ 1, ಸಿಮ್‌ಗೆ 2. ಚಿಕ್ಕ ಸಂಖ್ಯೆಯದ್ದಕ್ಕೆ ಮೊದಲ ಹಕ್ಕು. ಫೈಬರಿನ ರೂಟಿನಲ್ಲಿ ಚೆಕ್ ಗೇಟ್‌ವೇ ಪಿಂಗ್ ಹಾಕಿದೆ. ಆ ದಾರಿಯ ಮೊದಲ ಬಾಗಿಲಿಗೆ (ಗೇಟ್‌ವೇ) ಆಗಾಗ "ಇದ್ದೀಯಾ" ಅಂತ ಕೇಳುವುದು ಅದರ ಕೆಲಸ. ಓಎನ್‌ಟಿಯ ವಯರ್ ಎಳೆದು ನೋಡಿದೆ, ಸಿಮ್‌ಗೆ ಹೋಯಿತು. ಚುಚ್ಚಿದೆ, ವಾಪಸ್ ಬಂತು. ಮನೆಗೆ ಹೋಗಿ ಜಂಭ ಕೊಚ್ಚಿಕೊಂಡೆ.

ಜುಲೈಯಲ್ಲಿ ಒಂದು ಮಧ್ಯಾಹ್ನ ಗಾಳಿಮಳೆಗೆ ಎಲ್ಲೋ ಕೇಬಲ್ ತುಂಡಾಯಿತು. ತೀರ್ವೆ ಕಟ್ಟಲು ಬಂದ ಅಜ್ಜ ಒಬ್ಬರು ಕೂತಿದ್ದರು. ಪುಟ ಸುತ್ತುತ್ತಲೇ ಇದೆ. ರೂಟರಿನಲ್ಲಿ ದೀಪ ಹಸಿರು, ರೂಟೂ ಫೈಬರಿನದ್ದೇ. ಬದಲಾಗಲೇ ಇಲ್ಲ! "ನಿನ್ನ ಎರಡನೇ ಲೈನು ಎಂತ, ಚೆಂದಕ್ಕಾ?" ಅಂದರು ಅಜ್ಜ.

ತಪ್ಪು ನನ್ನದೇ. ರೂಟರ್ ಪಿಂಗ್ ಮಾಡುತ್ತಿದ್ದದ್ದು ಗೇಟ್‌ವೇಗೆ, ಅಂದರೆ ಅದೇ ಮೇಜಿನ ಮೇಲಿದ್ದ ಓಎನ್‌ಟಿಗೆ. ಕೇಬಲ್ ಮೈಲಿ ದೂರದಲ್ಲಿ ತುಂಡಾದರೂ ಓಎನ್‌ಟಿ ಜೀವಂತ. ಕೇಳಿದಾಗಲೆಲ್ಲ "ಇದ್ದೇನೆ" ಅನ್ನುತ್ತದೆ. ಸುಳ್ಳಲ್ಲ, ಆದರೆ ನನಗೆ ಬೇಕಾದ ಉತ್ತರ ಅದಲ್ಲ. ನಾನು ಪರೀಕ್ಷೆ ಮಾಡಿದ್ದೂ ಹತ್ತಿರದ ವಯರ್ ಎಳೆದೇ. ಫೈಬರನ್ನೇ ಬಿಚ್ಚಿ ನೋಡಬೇಕಿತ್ತು.

ಹಾಗಾಗಿ ದೂರದ್ದನ್ನು ಕೇಳುವ ವ್ಯವಸ್ಥೆ ಮಾಡಿದೆ. ರಿಕರ್ಸಿವ್ ರೂಟ್ ಅನ್ನುತ್ತಾರೆ. ಮೊದಲು ಗೂಗಲಿನ 8.8.8.8 ವಿಳಾಸಕ್ಕೆ ಓಎನ್‌ಟಿ ಮೂಲಕವೇ ಹೋಗಬೇಕೆಂದು ಒಂದು ರೂಟ್, ಸ್ಕೋಪ್ 10. ಆಮೇಲೆ ಡೀಫಾಲ್ಟ್ ರೂಟಿನ ಗೇಟ್‌ವೇ ಜಾಗದಲ್ಲಿ ಆ 8.8.8.8 ಅನ್ನೇ ಬರೆದು, ಟಾರ್ಗೆಟ್ ಸ್ಕೋಪ್ 11, ಚೆಕ್ ಗೇಟ್‌ವೇ ಪಿಂಗ್. ಒಂದು ರೂಟ್ ಇನ್ನೊಂದನ್ನು ಆಧರಿಸಲು ಈ ಸ್ಕೋಪ್ ಸಂಖ್ಯೆಗಳು ಬೇಕು; ಇವು ಮೈಕ್ರೋಟಿಕ್‌ನ ರೂಟರ್‌ಓಎಸ್ 7 ತಂತ್ರಾಂಶಕ್ಕೆ. ಈಗ ಪಿಂಗ್ ಹೋಗುವುದು ಗೂಗಲಿನವರೆಗೆ. ಅದನ್ನು ಫೈಬರಿಗೆ ಕಟ್ಟಿಹಾಕದಿದ್ದರೆ ಸಿಮ್‌ಗೆ ಬದಲಾದ ಕೂಡಲೇ ಪಿಂಗ್ ಸಿಮ್ ಮೂಲಕ ತಲುಪುತ್ತದೆ, ರೂಟರ್ "ಫೈಬರ್ ಬಂತು" ಅಂತ ವಾಪಸ್ ಓಡುತ್ತದೆ. ಅಲ್ಲಿ ಏನೂ ಇಲ್ಲ, ಮತ್ತೆ ಈಚೆಗೆ. ಹೀಗೆ ಕಬಡ್ಡಿ ಆಡುತ್ತಲೇ ಇರುತ್ತದೆ.

ಇದರ ಹಿಂದೆಯೇ ಇನ್ನೊಂದು ಗುಂಡಿ. ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೂ 8.8.8.8 ಕೊಟ್ಟಿದ್ದೆ. ಫೈಬರ್ ಸತ್ತಾಗ ಅಲ್ಲಿಗೆ ದಾರಿಯೇ ಇಲ್ಲ. ಸಿಮ್ ಲೈನು ಇದೆ, ಆದರೆ ಒಂದು ಸೈಟೂ ತೆರೆಯುವುದಿಲ್ಲ. ಡಿಎನ್‌ಎಸ್ 1.1.1.1 ಮಾಡಿದ ಮೇಲೆ ಸರಿಯಾಯಿತು.

ಹತ್ತು ಸೆಕೆಂಡಿಗೊಂದು ಪಿಂಗ್, ಎರಡು ಸಲ ಉತ್ತರ ಇಲ್ಲದಿದ್ದರೆ ಬದಲಾವಣೆ. ಇಪ್ಪತ್ತು ಸೆಕೆಂಡು ಚಿಲ್ಲರೆ ಆಗುತ್ತದೆ. ನಡುವೆ ಇದ್ದ ಪಾವತಿ ಹೋಯಿತು ಅಂತಲೇ ಲೆಕ್ಕ. ಖಾತೆ ನೋಡದೆ ಎರಡನೇ ಸಲ ಒತ್ತುವುದಿಲ್ಲ. ಹಳೆಯ ಸಂಪರ್ಕಗಳು ಸತ್ತ ಲೈನಿಗೇ ಅಂಟಿಕೊಂಡಿರುತ್ತವೆ, ವಾಟ್ಸಾಪ್ ಕಾಲ್ ಮೂಕವಾಗುತ್ತದೆ. ಅದಕ್ಕೆ ನೆಟ್‌ವಾಚ್‌ನಲ್ಲಿ (ಲೈನು ಹೋದಾಗ ಹೇಳಿದ ಕೆಲಸ ಮಾಡುವ ರೂಟರಿನ ಸೌಲಭ್ಯ) ಕನೆಕ್ಷನ್ ಪಟ್ಟಿ ಖಾಲಿ ಮಾಡುವ ಒಂದು ಸಾಲು ಸೇರಿಸಿದೆ. ಅದರ ಕೆಳಗೆ ನನಗೆ ಟೆಲಿಗ್ರಾಂ ಸಂದೇಶ ಕಳಿಸುವ ಸಾಲು. ಮೊದಮೊದಲು ಸಂದೇಶ ಬರುತ್ತಲೇ ಇರಲಿಲ್ಲ. ಲೈನು ಬದಲಾಗುವ ಮೊದಲೇ ಕಳಿಸಲು ಹೊರಡುತ್ತಿತ್ತು. ಎರಡೂ ಸಾಲಿಗೆ ಮೊದಲು ಮೂವತ್ತು ಸೆಕೆಂಡು ಕಾಯಿಸಿದೆ.

ಕರೆಂಟು ಹೋದರೆ ಇದೆಲ್ಲ ಸುಮ್ನೆ. 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟಿದ್ದೇನೆ. ಹೆಕ್ಸ್‌ಗೆ 24 ವೋಲ್ಟಿನ ಅಡಾಪ್ಟರ್ ಕೊಟ್ಟಿದ್ದರೂ ಅದು 12ಕ್ಕೂ ಓಡುತ್ತದೆ.

ಕಳೆದ ಸಲ ಫೈಬರ್ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಫೋನಿಗೆ ಸಂದೇಶ ಬಂತು, ಅಷ್ಟೇ. ಆದರೆ ಮೂರು ಗಂಟೆಗೆ ಸಿಮ್‌ನ ಅಂದಿನ ಡೇಟಾ ಮುಗಿದೇಹೋಯಿತು. ನೋಡಿದರೆ ಬಾಗಿಲ ಮೇಲಿನ ಕ್ಯಾಮೆರಾ ಖಾಲಿ ಜಗಲಿಯ ವಿಡಿಯೋವನ್ನು ಇಡೀ ದಿನ ಕ್ಲೌಡಿಗೆ ಏರಿಸುತ್ತಿತ್ತು. ಅದು ಎರಡನೇ ಪೋರ್ಟಿನಿಂದ ಹೊರಗೆ ಹೋಗದ ಹಾಗೆ ಫೈರ್‌ವಾಲ್‌ನಲ್ಲಿ ಒಂದು ನಿಯಮ ಬರೆದೆ.