ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗೆ ಕನ್ನಡ ಪಠ್ಯದ ಕೇಳುವ ಪ್ರತಿ: ಗ್ರಂಥಾಲಯ ಸಿಬ್ಬಂದಿಗೆ ಕೈಪಿಡಿ

ಕಾನೂನಿನ ಅಂಜಿಕೆ ಬೇಡ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ, ಅಂಗವಿಕಲ ಓದುಗರಿಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕದ ರೂಪ ಬದಲಿಸಲು ಅವಕಾಶ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ; ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಅದರಲ್ಲೇ ಸೇರುತ್ತದೆ.

ಮೊದಲು ಮುದ್ರಿತ ಪುಸ್ತಕ ಓದಲಾಗದವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. ಅಲ್ಲಿಲ್ಲದಿದ್ದರೆ ಪ್ರಕಾಶಕರಿಂದ ಮೂಲ ಕಡತ ಕೇಳಿ. ಬಹಳಷ್ಟು ಸಲ ಕೆಲಸ ಕೆಡುವುದು ಇಲ್ಲೇ: ಕಡತ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಆದರೆ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಓದುವ ತಂತ್ರಾಂಶ ಅರ್ಥವಿಲ್ಲದ್ದನ್ನು ಒದರುತ್ತದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿ, ಒಂದು ಪುಟ ಗಟ್ಟಿಯಾಗಿ ಓದಿಸಿ ನೋಡಿ.

ಕಡತ ಸಿಗದಿದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬೆನ್ನುಪಟ್ಟಿಯ ಬಳಿ ಸಾಲು ಬಾಗಿದರೆ ಅಕ್ಷರ ಗುರುತಿಸುವಿಕೆ ಅಲ್ಲೇ ತಪ್ಪುತ್ತದೆ, ಹಾಗಾಗಿ ಪುಟವನ್ನು ಚೆನ್ನಾಗಿ ಒತ್ತಿ ಹಿಡಿಯಿರಿ. ಸ್ಕ್ಯಾನ್ ಚಿತ್ರದಿಂದ ಅಕ್ಷರ ಗುರುತಿಸುವ ಉಚಿತ ತಂತ್ರಾಂಶ ಟೆಸೆರಾಕ್ಟ್‌ನಲ್ಲಿ ಕನ್ನಡವಿದೆ. ಬಂದ ಪಠ್ಯದಲ್ಲಿ ಒತ್ತಕ್ಷರಗಳನ್ನೂ, ಅನುಸ್ವಾರದ ಜಾಗದಲ್ಲಿ ಕೂತ ಸೊನ್ನೆಯನ್ನೂ ಮನುಷ್ಯರೇ ತಿದ್ದಬೇಕು. ಇದಕ್ಕೆ ಅಡ್ಡದಾರಿಯಿಲ್ಲ.

ವರ್ಡ್‌ನಲ್ಲಿ ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ ಶೈಲಿಯನ್ನೇ ಕೊಡಿ. ಬರಿದೇ ದಪ್ಪಕ್ಷರ ಮಾಡಿದರೆ ವಿದ್ಯಾರ್ಥಿ ನೇರವಾಗಿ ಅಧ್ಯಾಯಕ್ಕೆ ಜಿಗಿಯಲಾರ. ಅಕ್ಷರ 14 ಪಾಯಿಂಟ್, ಸಾಲಂತರ 1.5, ಎಡಕ್ಕೆ ಮಾತ್ರ ಹೊಂದಿಕೆ. ಎರಡೂ ಬದಿ ಎಳೆದು ಹೊಂದಿಸಿದರೆ ಪದಗಳ ನಡುವಿನ ಜಾಗ ಏರುಪೇರಾಗಿ ಕಣ್ಣು ಸಾಲು ತಪ್ಪುತ್ತದೆ. ಮುದ್ರಿತ ಪುಟಸಂಖ್ಯೆ ಉಳಿಸಿ, ತರಗತಿಯಲ್ಲಿ ಅದನ್ನೇ ಕೇಳುತ್ತಾರೆ.

ಇಡೀ ಪುಸ್ತಕ ಮುಗಿಯಲೆಂದು ಕಾಯಬೇಡಿ. ಪಾಠ ನಡೆಯುವ ಕ್ರಮದಲ್ಲಿ ಒಂದೊಂದೇ ಅಧ್ಯಾಯ ಕೊಡುತ್ತಾ ಹೋಗಿ.